ಉಳುಕು ಇಳಿಯಿತು, ನೋವು ಇಳಿಯಲಿಲ್ಲ

ಉಳುಕಿದ ಕಾಲನ್ನು ಯಾರೂ ಜಾಸ್ತಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೂಳೆ ಮುರಿದಿದ್ದರೆ ಪ್ಲಾಸ್ಟರ್ ಇರುತ್ತದೆ, ರಜೆ ಸಿಗುತ್ತದೆ, ನೋಡಲು ಜನ ಬರುತ್ತಾರೆ. ಉಳುಕಿಗೆ ಮಾತ್ರ "ಎರಡು ದಿನ ಕಾಲು ಮೇಲಿಟ್ಟುಕೊಂಡು ಮಲಗು, ಸರಿಹೋಗುತ್ತೆ" ಅನ್ನುವುದೊಂದೇ ಮದ್ದು. ನನಗೂ ಮೊದಲು ಹಾಗೇ ಸರಿಹೋಗುತ್ತಿತ್ತು. ಬಲಗಾಲಿನ ಪಾದ ಒಳಕ್ಕೆ ಮಡಚಿಕೊಳ್ಳುವುದು, ಊದಿಕೊಳ್ಳುವುದು, ನೀಲಿಗಟ್ಟುವುದು, ಕೆಲವು ವಾರ ಕುಂಟುವುದು, ಮತ್ತೆ ಎಲ್ಲ ಮೊದಲಿನಂತೆ. ಆದರೆ ಪ್ರತಿ ಉಳುಕಿಗೂ ಮುಂದಿನದಕ್ಕೂ ನಡುವಿನ ಬಿಡುವು ಕಡಿಮೆಯಾಗುತ್ತಾ ಬಂತು. ಕೊನೆಕೊನೆಗೆ ಉಳುಕದೇ ಇದ್ದ ದಿನಗಳಲ್ಲೂ ನೋವು ಇರತೊಡಗಿತು.

ಪಾದದ ಕೀಲಿನ ಹೊರಗಡೆಯ ಗಂಟು ಮೂಳೆಯ ಮುಂದೆ ಒಂದು ಸಣ್ಣ ಗುಳಿ ಇದೆಯಲ್ಲ, ನೋವು ಅಲ್ಲೇ. ಬೆಳಿಗ್ಗೆ ಎದ್ದ ಕೂಡಲೇ ನಾಲ್ಕು ಹೆಜ್ಜೆ ಬಿಗಿಯಾಗಿರುತ್ತಿತ್ತು. ಮೆಟ್ಟಿಲು ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಚುಚ್ಚು. ಬಹಳ ಹೊತ್ತು ನಿಂತರೆ ಸಂಜೆಗೆ ಸಣ್ಣ ಊತ. ಇದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಸಮತಟ್ಟಾದ ನೆಲದ ಮೇಲೆ ನಡೆಯುತ್ತಿದ್ದಾಗಲೂ ಕಾಲು ಒಮ್ಮೊಮ್ಮೆ ಸುಮ್ನೆ ಕೈಕೊಡುತ್ತಿತ್ತು. ಬೀಳುತ್ತಿರಲಿಲ್ಲ, ಆದರೆ ಎದೆ ಧಸಕ್ ಅನ್ನುತ್ತಿತ್ತು.

ಕೊನೆಯ ಸಲ ದೊಡ್ಡದಾಗಿಯೇ ಉಳುಕಿತು. ಹೆಜ್ಜೆ ಇಟ್ಟ ಕಡೆ ನೆಲ ಒಂದಿಷ್ಟು ತಗ್ಗಿತ್ತು, ಅಷ್ಟೇ. ಒಳಗಿನಿಂದ 'ಟಪ್' ಅಂತ ಸದ್ದು ಕೇಳಿಸಿತು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಬಹಳ ಹೊತ್ತು ಕಾದ ಮೇಲೆ ಬಂದ ವೈದ್ಯರು ಊದಿದ ಜಾಗವನ್ನು ಮುಟ್ಟಲೇ ಇಲ್ಲ. ಗಂಟು ಮೂಳೆಯ ಹಿಂದಿನ ಅಂಚನ್ನು ಒತ್ತಿದರು, ಒಳಬದಿಯ ಗಂಟನ್ನು ಒತ್ತಿದರು, ಕಿರುಬೆರಳಿನ ಕಡೆ ಪಾದದ ನಡುವೆ ಉಬ್ಬಿರುವ ಮೂಳೆಯನ್ನು ಒತ್ತಿದರು. ಆಮೇಲೆ "ನಾಲ್ಕು ಹೆಜ್ಜೆ ನಡೀರಿ ನೋಡೋಣ" ಅಂದರು. ನನಗೆ ಆಗ ಸಿಟ್ಟು ಬಂದಿತ್ತು. ಆಮೇಲೆ ಗೊತ್ತಾಯಿತು, ಇದು 1992ರಲ್ಲಿ ಕೆನಡಾದ ಒಟ್ಟಾವಾದಲ್ಲಿ ರೂಪಿಸಿದ ನಿಯಮ. ಕೆಲವು ನಿರ್ದಿಷ್ಟ ಜಾಗದಲ್ಲಿ ಮೂಳೆ ಮೇಲೆ ಒತ್ತಿದಾಗ ನೋವಿದ್ದರೆ, ಅಥವಾ ಪೆಟ್ಟಾದ ಕೂಡಲೇ ನಾಲ್ಕು ಹೆಜ್ಜೆ ಇಡಲಾಗದೆ ಆಸ್ಪತ್ರೆಯಲ್ಲೂ ಇಡಲಾಗದಿದ್ದರೆ ಮಾತ್ರ ಎಕ್ಸ್‌ರೇ ಬೇಕು. ಇಲ್ಲದಿದ್ದರೆ ಮೂಳೆ ಮುರಿದಿರುವ ಸಾಧ್ಯತೆ ತೀರಾ ಕಡಿಮೆ. ಎಕ್ಸ್‌ರೇ ಬರೆಯದೆ ಕಳಿಸಿದರೆ ಅಸಡ್ಡೆ ಮಾಡಿದರು ಅಂದುಕೊಳ್ಳಬೇಡಿ.

ನನಗೆ ಹಿಂದಿನ ಅಂಚಿನಲ್ಲಿ ನೋವಿತ್ತು, ಎಕ್ಸ್‌ರೇ ಆಯಿತು. "ಮೂಳೆಗೆ ಏನೂ ಆಗಿಲ್ಲ." ಈ ಮಾತು ಕೇಳಿ ಖುಷಿಯೂ ಆಯಿತು, ಮುಂದಿನ ಎಷ್ಟೋ ತಿಂಗಳ ತಲೆನೋವಿಗೂ ಇದೇ ಕಾರಣವಾಯಿತು. ಯಾಕೆಂದರೆ ಆ ಹಾಳೆ ತೋರಿಸಿದ ಕಡೆಯೆಲ್ಲ "ಎಕ್ಸ್‌ರೇ ನಾರ್ಮಲ್ ಇದೆಯಲ್ಲ" ಅನ್ನುವ ಉತ್ತರವೇ ಸಿಗುತ್ತಿತ್ತು. ಎಕ್ಸ್‌ರೇಯಲ್ಲಿ ಮೂಳೆಗೆ ಮೂಳೆಯನ್ನು ಕಟ್ಟಿಹಿಡಿಯುವ ಲಿಗಮೆಂಟ್ ಕಾಣುವುದಿಲ್ಲ, ಸ್ನಾಯುವನ್ನು ಮೂಳೆಗೆ ಸೇರಿಸುವ ಟೆಂಡನ್ ಕಾಣುವುದಿಲ್ಲ, ಕೀಲಿನ ಮೃದು ಮೂಳೆಯೂ ಕಾಣುವುದಿಲ್ಲ. ಉಳುಕಿನಲ್ಲಿ ಪೆಟ್ಟು ಬೀಳುವುದು ಮುಖ್ಯವಾಗಿ ಇವಕ್ಕೇ ಅಲ್ವಾ?

ಮೊದಲ ವಾರ ಎಲ್ಲರಿಗೂ ಹೇಳುವುದನ್ನೇ ನನಗೂ ಹೇಳಿದರು: ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲು ಎತ್ತರದಲ್ಲಿ. ಈ ನಾಲ್ಕರ ಸೂತ್ರವನ್ನು 1978ರಲ್ಲಿ ಚಾಲ್ತಿಗೆ ತಂದವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಐಸ್ ಮತ್ತು ಪೂರ್ತಿ ವಿಶ್ರಾಂತಿ ವಾಸಿಯಾಗುವುದನ್ನು ನಿಧಾನ ಮಾಡಬಹುದು ಅಂತ ಮುಂದೆ ಅವರೇ ಬರೆದರು. ಐಸ್ ನೋವನ್ನು ಮರೆಸುತ್ತದೆ, ಅಷ್ಟಕ್ಕೆ ಅದು ಒಳ್ಳೆಯದೇ. ವಾರಗಟ್ಟಲೆ ಕಾಲನ್ನು ನೆಲಕ್ಕೆ ತಾಗಿಸದೆ ಕೂರುವುದು ಬೇಡ ಅನ್ನುವುದು ಈಗಿನ ವೈದ್ಯರ ಮಾತು. ತಡೆದುಕೊಳ್ಳುವಷ್ಟು ಭಾರ ಬೇಗ ಹಾಕಲು ಶುರು ಮಾಡಬೇಕಂತೆ.

ಊತ ಇಳಿಯಿತು, ನೋವು ಉಳಿಯಿತು. ಮೂರು ತಿಂಗಳು ದಾಟಿದ ಮೇಲೂ ಇದ್ದಾಗ ಮೂಳೆ ವೈದ್ಯರ ಹತ್ತಿರ ಹೋದೆ. ಅಪಾಯಿಂಟ್‌ಮೆಂಟ್‌ಗೆ ವಾರಗಟ್ಟಲೆ ಕಾದೆ, ಒಳಗೆ ಇದ್ದದ್ದು ಕೆಲವೇ ನಿಮಿಷ. ಹಳೆಯ ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು, ನೋವಿನ ಮಾತ್ರೆ ಬರೆದರು, ಕೀಲಿಗೆ ಆಸರೆಯಾಗಿ ಲೇಸ್ ಕಟ್ಟುವ ಬ್ರೇಸ್ ಒಂದನ್ನು ಹಾಕಿಕೊಳ್ಳಿ ಅಂದರು. ಶೂ ಬಿಚ್ಚಿ ಅಂತ ಹೇಳಲಿಲ್ಲ. ಹೊರಗೆ ಬಂದಾಗ ನನಗೇ ಅನುಮಾನ ಬಂತು, ನೋವು ನಿಜವಾಗಿಯೂ ಇದೆಯಾ ಅಥವಾ ನಾನೇ ದೊಡ್ಡದು ಮಾಡುತ್ತಿದ್ದೇನಾ ಅಂತ. ಹೀಗೆ ಅನ್ನಿಸುವುದು ನಿಮಗೊಬ್ಬರಿಗೇ ಅಲ್ಲ. ಪಾದದ ಕೀಲು ಉಳುಕಿದವರಲ್ಲಿ ಗಣನೀಯ ಪಾಲು ಜನಕ್ಕೆ ನೋವೋ, ಸಡಿಲತನವೋ ವರ್ಷದ ನಂತರವೂ ಉಳಿದಿರುತ್ತದೆ.

ಈ ಹೊತ್ತಿಗೆ ನಾನು ಮಾಡಿದ ಒಂದು ಕೆಲಸ ಮುಂದೆ ಎಲ್ಲ ಕಡೆ ಉಪಯೋಗಕ್ಕೆ ಬಂತು. ಒಂದೇ ಒಂದು ಹಾಳೆ ಬರೆದಿಟ್ಟೆ. ಯಾವ ಯಾವ ತಿಂಗಳಲ್ಲಿ ಉಳುಕಿತು, ಹೇಗೆ ತಿರುಗಿತು, ಸದ್ದು ಬಂತಾ, ಮೂಗೇಟಾಗಿತ್ತಾ, ಎಷ್ಟು ದಿನಕ್ಕೆ ನಡೆದೆ, ಯಾವ ಮಾತ್ರೆ, ಯಾವ ವ್ಯಾಯಾಮ. ಕೆಳಗೆ ಎರಡು ಪ್ರತ್ಯೇಕ ಸಾಲು: ಯಾವಾಗ ನೋಯುತ್ತದೆ, ಯಾವಾಗ ಕೈಕೊಡುತ್ತದೆ. ಇವೆರಡನ್ನೂ ಬೆರೆಸಿ "ಕಾಲು ಸರಿಯಿಲ್ಲ ಡಾಕ್ಟ್ರೇ" ಅಂದರೆ ಮಾತ್ರೆಯ ಚೀಟಿ ಸಿಗುತ್ತದೆ. ಬೇರೆ ಬೇರೆ ಮಾಡಿ ಹೇಳಿದರೆ ಪರೀಕ್ಷೆ ಶುರುವಾಗುತ್ತದೆ.

ಮತ್ತೆ ಹೋದಾಗ ಎಂಆರ್‌ಐ ಬರೆದರು. ಅಲ್ಲಿ ವಿಮೆಯ ಕಂಪನಿ ಅಡ್ಡ ಬಂತು. ಮುಂಚಿತ ಒಪ್ಪಿಗೆ ಬೇಕು, ಒಪ್ಪಿಗೆಗೆ ಮೊದಲು "ಸಾಮಾನ್ಯ ಚಿಕಿತ್ಸೆ ಮಾಡಿ ನೋಡಿದ" ದಾಖಲೆ ಬೇಕು. ಮನೆಯಲ್ಲಿ ಮಾಡಿದ ವ್ಯಾಯಾಮ ದಾಖಲೆ ಅನ್ನಿಸಿಕೊಳ್ಳುವುದಿಲ್ಲ. ಬ್ರೇಸ್‌ನ ರಸೀದಿ, ಔಷಧಿ ಚೀಟಿಗಳು, ವೈದ್ಯರ ಟಿಪ್ಪಣಿಯಲ್ಲಿ "ಇಷ್ಟು ತಿಂಗಳಿಂದ ಚಿಕಿತ್ಸೆಗೆ ಬಗ್ಗುತ್ತಿಲ್ಲ" ಅನ್ನುವ ಸಾಲು, ಇಷ್ಟನ್ನೂ ಕೊಟ್ಟ ಮೇಲೆ ಒಪ್ಪಿದರು. ವೈದ್ಯರು ಆ ಸಾಲನ್ನು ತಾವಾಗಿಯೇ ಬರೆಯುವುದಿಲ್ಲ. ಕೇಳಿ ಬರೆಸಿಕೊಳ್ಳಬೇಕು. ಅವರಿಗೂ ಅದು ಬೇಕಾಗುತ್ತದೆ ಅಂತ ಹೊಳೆದಿರುವುದಿಲ್ಲ.

ಎಂಆರ್‌ಐ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಪಾದವನ್ನು ಒಂದು ಚೌಕಟ್ಟಿನಲ್ಲಿ ಕೂರಿಸುತ್ತಾರೆ, ಕಿವಿಗೆ ಮುಚ್ಚಳ ಕೊಡುತ್ತಾರೆ, ಯಂತ್ರ ಕುಟ್ಟುತ್ತದೆ. ಅಲುಗಾಡಬಾರದು. ಸಿಡಿ ಕೇಳಿ ಇಸಕೊಳ್ಳಿ, ಬರೀ ವರದಿಯ ಹಾಳೆ ಸಾಲದು. ಮುಂದಿನ ವೈದ್ಯರು ಚಿತ್ರವನ್ನೇ ನೋಡಬೇಕು ಅನ್ನುತ್ತಾರೆ.

ವರದಿ ಬಂದ ರಾತ್ರಿ ನಿದ್ದೆ ಬರಲಿಲ್ಲ. ಹೊರಬದಿಯ ಮುಂದಿನ ಲಿಗಮೆಂಟ್ ದಪ್ಪವಾಗಿದೆ, ಹಿಂದೆ ಹರಿದಿದ್ದ ಗುರುತಿದೆ, ಕೀಲಿನ ಒಳಪದರ ಊದಿಕೊಂಡಿದೆ, ಟೇಲಸ್ ಮೂಳೆಯಲ್ಲಿ ಸ್ವಲ್ಪ ಜಜ್ಜಿದ ಗುರುತು, ಹೊರಬದಿಯ ಟೆಂಡನ್ ಸುತ್ತ ನೀರು. ಓದುತ್ತಾ ಹೋದಂತೆ ಕಾಲೇ ಉಳಿದಿಲ್ಲವೇನೋ ಅನ್ನಿಸಿತು. ಪುಣ್ಯಕ್ಕೆ ಕೊನೆಯಲ್ಲಿ ಒಂದು ಸಾಲಿತ್ತು: ಮೃದು ಮೂಳೆ ಕಿತ್ತಿಲ್ಲ. ಇಡೀ ವರದಿಯಲ್ಲಿ ಮುಖ್ಯವಾದ ಸಾಲು ಅದೇ ಅಂತ ಆ ರಾತ್ರಿ ಗೊತ್ತಿರಲಿಲ್ಲ. ಟೇಲಸ್ ಅನ್ನುವುದು ಕಾಲಿನ ಮೂಳೆಗೂ ಹಿಮ್ಮಡಿಗೂ ನಡುವೆ ಕೂತ ಮೂಳೆ. ಅದರ ಮೇಲ್ಮೈಯ ಬಹುಪಾಲು ಮೃದು ಮೂಳೆಯಿಂದಲೇ ಮುಚ್ಚಿಕೊಂಡಿದೆ, ಒಂದೇ ಒಂದು ಸ್ನಾಯುವೂ ಅದಕ್ಕೆ ಅಂಟಿಕೊಂಡಿಲ್ಲ. ರಕ್ತದ ಓಡಾಟವೂ ಅಷ್ಟಕ್ಕಷ್ಟೆ. ಅಲ್ಲಿ ಮೃದು ಮೂಳೆಯ ಚೂರು ಕಿತ್ತು ಎದ್ದರೆ ವಾಸಿಯಾಗುವುದು ಕಷ್ಟ.

ವರದಿ ನೋಡಿದ ವೈದ್ಯರು "ಆಪರೇಷನ್ ಮಾಡಿಸಿಬಿಡಿ" ಅಂದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಪಾದ ಮತ್ತು ಪಾದದ ಕೀಲನ್ನೇ ನೋಡುವ ಸರ್ಜನ್ ಒಬ್ಬರ ಹತ್ತಿರ ಎರಡನೇ ಅಭಿಪ್ರಾಯಕ್ಕೆ ಹೋದೆ. ಸಾಧ್ಯವಿದ್ದರೆ ಇಂಥವರನ್ನೇ ಹುಡುಕಿ. ಮಂಡಿ, ಸೊಂಟ, ಭುಜ ಎಲ್ಲ ನೋಡುವವರಿಗೂ ಇವರಿಗೂ ಇರುವ ವ್ಯತ್ಯಾಸ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ.

ಅವರು ಮೊದಲು ನೋಡಿದ್ದು ಸಿಡಿ ಅಲ್ಲ, ಎಡಗಾಲು. ಚೆನ್ನಾಗಿರುವ ಕಾಲು ನಿಮ್ಮಲ್ಲಿ ಎಷ್ಟು ಸಡಿಲ ಅಂತ ಗೊತ್ತಾಗದೆ ಇನ್ನೊಂದನ್ನು ಹೇಗೆ ಅಳೆಯುವುದು ಅಂದರು. ಮೊಣಕಾಲಿನ ಕೆಳಗೆ ಒಂದು ಕೈ ಒತ್ತಿ ಹಿಡಿದು ಇನ್ನೊಂದು ಕೈಯಿಂದ ಹಿಮ್ಮಡಿಯನ್ನು ಮುಂದಕ್ಕೆ ಎಳೆದರು. ಬಲಗಾಲು ಸ್ವಲ್ಪ ಜಾಸ್ತಿಯೇ ಬಂತು. ಪಾದವನ್ನು ಒಳಕ್ಕೆ ಓರೆ ಮಾಡಿ ನೋಡಿದರು. ಹೆಬ್ಬೆರಳು ಮುಂಗೈಗೆ ತಾಗುತ್ತದಾ, ಮೊಣಕೈ ಹಿಂದಕ್ಕೆ ಬಾಗುತ್ತದಾ ಅಂತಲೂ ನೋಡಿದರು. ಮೈಯೆಲ್ಲ ಸಡಿಲವಿರುವವರಿಗೆ ಚಿಕಿತ್ಸೆಯ ಲೆಕ್ಕ ಬೇರೆಯಂತೆ. ಕೊನೆಗೆ ಆ ಗುಳಿಯಲ್ಲಿ ಹೆಬ್ಬೆರಳಿಟ್ಟು ಒತ್ತಿ, ಪಾದವನ್ನು ಮೇಲಕ್ಕೆ ಮಡಚಿದರು. ನಾನು ಕಿರುಚಿಕೊಂಡೆ. "ಇದೇ ಅಲ್ವಾ ನಿಮ್ಮ ನೋವು?" ಅಂದರು. ಇದೇ.

"ನೋಡಿ, ಎಂಆರ್‌ಐ ತೆಗೆಯುವಾಗ ನೀವು ಅಲುಗಾಡದೆ ಮಲಗಿರ್ತೀರಿ. ಲಿಗಮೆಂಟ್ ಹೇಗಿದೆ ಅಂತ ಅದು ಹೇಳುತ್ತೆ, ನಡೆಯುವಾಗ ಎಷ್ಟು ಸಡಿಲ ಅಂತ ಹೇಳಲ್ಲ" ಅಂದರು. ಪಾದ ಒಳಕ್ಕೆ ತಿರುಚಿದಾಗ ಹೊರಬದಿಯ ಮೂರು ಲಿಗಮೆಂಟ್‌ಗಳಲ್ಲಿ ಮುಂದಿನದೇ ಮೊದಲು ಹರಿಯುತ್ತದೆ, ಮೂರರಲ್ಲಿ ಅದೇ ಬಲಹೀನ. ಪ್ರತಿ ಸಲ ವಾಸಿಯಾಗುವಾಗ ಅಲ್ಲಿ ಗಾಯದ ಗಂಟು ಬೆಳೆಯುತ್ತದೆ, ಒಳಪದರ ದಪ್ಪವಾಗುತ್ತದೆ. ಮೆಟ್ಟಿಲು ಇಳಿಯುವಾಗ ಪಾದ ಮಡಚಿದರೆ ಅದು ಮೂಳೆಗಳ ನಡುವೆ ಬಾಗಿಲ ಸಂದಿಗೆ ಸಿಕ್ಕಿದ ಬೆರಳಿನಂತೆ ಸಿಕ್ಕಿಕೊಳ್ಳುತ್ತದೆ. ನೋವಿಗೆ ಕಾರಣ ಇದು. ಕೈಕೊಡುವುದಕ್ಕೆ ಕಾರಣ ಬೇರೆ: ಸ್ವಲ್ಪ ಸಡಿಲತನ, ಅದಕ್ಕಿಂತ ಜಾಸ್ತಿ ಹೊರಬದಿಯ ಸ್ನಾಯುಗಳ ಸೋಮಾರಿತನ.

ಖಾತ್ರಿ ಮಾಡಿಕೊಳ್ಳಲು ಆ ಜಾಗಕ್ಕೆ ಮರಗಟ್ಟಿಸುವ ಔಷಧಿ ಮತ್ತು ಸ್ಟೀರಾಯ್ಡ್ ಸೇರಿಸಿ ಒಂದು ಇಂಜೆಕ್ಷನ್ ಕೊಟ್ಟರು. ಸೂಜಿ ನೋಯಿತು, ಸುಳ್ಳು ಹೇಳುವುದಿಲ್ಲ. ಕೆಲವು ನಿಮಿಷ ಬಿಟ್ಟು ಮೆಟ್ಟಿಲು ಇಳಿದು ಬನ್ನಿ ಅಂದರು. ಇಳಿದೆ. ನೋವಿಲ್ಲ! ಎಷ್ಟೋ ತಿಂಗಳ ಮೇಲೆ ಕಂಬಿ ಹಿಡಿಯದೆ ಇಳಿದಿದ್ದೆ, ಕಣ್ಣಲ್ಲಿ ನೀರು ಬಂತು. ಕೆಲವು ಗಂಟೆಗಳಲ್ಲಿ ಮರಗಟ್ಟಿಸುವ ಔಷಧಿಯ ಪ್ರಭಾವ ಇಳಿದು ನೋವು ವಾಪಸ್ ಬಂತು. ಆಮೇಲೆ ಸ್ಟೀರಾಯ್ಡ್ ಒಂದಷ್ಟು ವಾರ ಸಮಾಧಾನ ಕೊಟ್ಟಿತು. ಅದು ಚಿಕಿತ್ಸೆ ಅನ್ನುವುದಕ್ಕಿಂತ ವ್ಯಾಯಾಮ ಮಾಡಲು ಸಿಕ್ಕ ಬಿಡುವು. ಪದೇ ಪದೇ ಹಾಕಿಸಿಕೊಳ್ಳುವಂಥದ್ದಲ್ಲ ಅಂತಲೂ ಅವರೇ ಹೇಳಿದರು.

ಆಪರೇಷನ್ ಬಗ್ಗೆ ಕೇಳಿದೆ. ಸ್ವೀಡನ್ನಿನ ಸರ್ಜನ್ ಬ್ರೋಸ್ಟ್ರಾಮ್ 1966ರಲ್ಲಿ ವಿವರಿಸಿದ ವಿಧಾನವೇ ಇವತ್ತಿಗೂ ಮೂಲ, ಅದಕ್ಕೆ 1980ರಲ್ಲಿ ಗೌಲ್ಡ್ ಒಂದು ಬಲಪಡಿಸುವ ಹೊಲಿಗೆ ಸೇರಿಸಿದರು. ನಮ್ಮದೇ ಲಿಗಮೆಂಟನ್ನು ಬಿಗಿ ಮಾಡಿ ಮೂಳೆಗೆ ಹೊಲಿಯುವುದು. ಫಲಿತಾಂಶ ಚೆನ್ನಾಗಿಯೇ ಇರುತ್ತದೆ. ಆದರೆ ಕೆಲವು ವಾರ ಪಾದ ಅಲುಗದಂತೆ ಹಿಡಿಯುವ ಬೂಟು, ಆಟಕ್ಕೆ ಮರಳಲು ತಿಂಗಳುಗಳು, ಮತ್ತು ಅದಾದ ಮೇಲೂ ಇದೇ ಫಿಸಿಯೋಥೆರಪಿ. "ಫಿಸಿಯೋ ಎರಡೂ ದಾರಿಯಲ್ಲಿ ಇದ್ದೇ ಇದೆ. ಮೊದಲು ಅದನ್ನು ಸರಿಯಾಗಿ ಮೂರು ತಿಂಗಳು ಮಾಡಿ. ಆಮೇಲೂ ಕೈಕೊಟ್ಟರೆ ನಾನಿದ್ದೇನೆ." ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ಫಿಸಿಯೋ ಮೇಡಂ ಮೊದಲ ದಿನ ವ್ಯಾಯಾಮ ಕೊಡಲಿಲ್ಲ, ಅಳತೆ ತೆಗೆದರು. ಗೋಡೆಯಿಂದ ಹೆಬ್ಬೆರಳು ಎಷ್ಟು ದೂರವಿಟ್ಟು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಬಲ್ಲೆ ಅಂತ ಟೇಪ್ ಹಿಡಿದರು. ಬಲಗಾಲು ಎಡಗಾಲಿಗಿಂತ ಸಾಕಷ್ಟು ಹಿಂದಿತ್ತು, ಅಂದರೆ ಕೀಲು ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ. ಒಂಟಿ ಕಾಲಲ್ಲಿ ತುದಿಗಾಲ ಮೇಲೆ ಏಳುವುದನ್ನು ಎಣಿಸಿದರು. ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲಿಸಿದರು. ನಿಂತ ಕ್ಷಣವೇ ವಾಲಿದೆ. ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿ ತುಂಬಿಸಿದರು, ಒಟ್ಟು 30 ಅಂಕದ್ದು. 25ರ ಆಸುಪಾಸಿಗಿಂತ ಕೆಳಗೆ ಬಂದರೆ ಕೀಲು ಸ್ಥಿರವಿಲ್ಲ ಅಂತ ಅರ್ಥ. ನನ್ನದು ಅದರ ಹತ್ತಿರವೂ ಇರಲಿಲ್ಲ.

ಲಿಗಮೆಂಟ್ ಹರಿದರೆ ಕಾಲು ಯಾವ ಕಡೆ ಓರೆಯಾಗಿದೆ ಅನ್ನುವ ಸುದ್ದಿ ಮೆದುಳಿಗೆ ಸರಿಯಾಗಿ ತಲುಪುವುದಿಲ್ಲ ಅಂತ ಬ್ರಿಟನ್ನಿನ ವೈದ್ಯ ಫ್ರೀಮನ್ 1965ರಲ್ಲೇ ಹೇಳಿದ್ದರು. ಅಲುಗಾಡುವ ಹಲಗೆ ಮೇಲೆ ನಿಲ್ಲಿಸುವ ವ್ಯಾಯಾಮವನ್ನೂ ಆಗಲೇ ಮಾಡಿಸಿದ್ದರು. ಇವತ್ತಿಗೂ ಚಿಕಿತ್ಸೆಯ ಬೆನ್ನೆಲುಬು ಅದೇ. ರಬ್ಬರ್ ಪಟ್ಟಿಗೆ ಎದುರಾಗಿ ಪಾದವನ್ನು ಹೊರಕ್ಕೆ ತಳ್ಳುವುದು, ತುದಿಗಾಲ ಮೇಲೆ ನಿಧಾನವಾಗಿ ಏರಿ ಇನ್ನೂ ನಿಧಾನವಾಗಿ ಇಳಿಯುವುದು, ಹಲಗೆ ಮೇಲೆ ನಿಲ್ಲುವುದು, ನಿಂತು ಚೆಂಡು ಹಿಡಿಯುವುದು, ಸೊಂಟದ ಪಕ್ಕದ ಸ್ನಾಯುಗಳಿಗೆ ಬೇರೆ ವ್ಯಾಯಾಮ. ಕಾಲಿನ ನೋವಿಗೆ ಸೊಂಟ ಯಾಕೆ ಅಂತ ಕೇಳಿದೆ. ಹೆಜ್ಜೆ ಎಲ್ಲಿ ಬೀಳಬೇಕು ಅಂತ ತೀರ್ಮಾನಿಸುವುದು ಸೊಂಟ ತಾನೇ ಅಂದರು.

ಈ ಹಂತ ಬೇಜಾರಿನದು, ಒಪ್ಪಿಕೊಳ್ಳಲೇಬೇಕು. ಮೊದಲ ತಿಂಗಳು ಏನೂ ಬದಲಾದಂತೆ ಕಾಣಲಿಲ್ಲ. ಹಲಗೆಯ ಮೇಲೆ ನಿಲ್ಲುವುದು ಸುಲಭವಾಯಿತು, ನೋವು ಅಲ್ಲೇ ಇತ್ತು. ನಡುವೆ ಇದ್ದಕ್ಕಿದ್ದಂತೆ ಜೋರಾಯಿತು, ಮತ್ತೆ ಏನೋ ಹರಿದಿದೆ ಅಂತ ಹೆದರಿ ಫೋನ್ ಮಾಡಿದೆ. ಆಗ ಅವರು ಕೊಟ್ಟ ಅಳತೆಗೋಲು ಇದು: ವ್ಯಾಯಾಮ ಮಾಡುವಾಗ ನೋವು ಹತ್ತಕ್ಕೆ ಮೂರರವರೆಗೆ ಬಂದರೆ ಪರವಾಗಿಲ್ಲ. ಮಾರನೇ ಬೆಳಿಗ್ಗೆ ಎದ್ದಾಗ ಹಿಂದಿನ ಬೆಳಿಗ್ಗೆಯಷ್ಟೇ ಇರಬೇಕು. ಜಾಸ್ತಿ ಇದ್ದರೆ ಅವತ್ತು ಅರ್ಧ ಮಾಡಿ, ಪೂರ್ತಿ ನಿಲ್ಲಿಸಬೇಡಿ. ನನಗೆ ಸಿಕ್ಕ ಸಲಹೆಗಳಲ್ಲೆಲ್ಲ ಬೆಲೆಬಾಳುವುದು ಇದೇ. ಇದಕ್ಕೆ ಮುಂಚೆ ನೋವು ಬಂದರೆ ವಾರ ಕೂರುವುದು, ಕಡಿಮೆಯಾದರೆ ಹುರುಪಿನಿಂದ ಓಡಾಡುವುದು, ಹೀಗೇ ನಡೆದಿತ್ತು.

ಇನ್ನೊಂದು ಅಡ್ಡಿ ಮತ್ತೆ ವಿಮೆಯದೇ. ಒಪ್ಪಿದ್ದ ಭೇಟಿಗಳು ಮುಗಿದವು, ಕಾಲು ಇನ್ನೂ ಅರ್ಧ ದಾರಿಯಲ್ಲಿತ್ತು. ಮೇಡಂ ಅಳತೆಗಳ ಪಟ್ಟಿ ಹಾಕಿ ಪತ್ರ ಬರೆದರು, ಸ್ವಲ್ಪ ವಿಸ್ತರಿಸಿದರು, ಉಳಿದದ್ದಕ್ಕೆ ಕೈಯಿಂದ ಕೊಟ್ಟೆ. ವಾರಕ್ಕೆರಡು ಸಲ ಹೋಗುವ ಬದಲು ಎರಡು ವಾರಕ್ಕೊಮ್ಮೆ ಹೋಗಿ, ಉಳಿದದ್ದನ್ನು ಮನೆಯಲ್ಲಿ ಮಾಡುವ ಏರ್ಪಾಡು ಮಾಡಿಕೊಂಡೆವು. ಎಲ್ಲ ಲೆಕ್ಕ ಹಾಕಿದಾಗ ಒಂದೇ ಏಟಿಗೆ ಜಾಸ್ತಿ ಖರ್ಚಾದದ್ದು ಎಂಆರ್‌ಐಗೆ, ಒಟ್ಟು ಜಾಸ್ತಿಯಾದದ್ದು ಫಿಸಿಯೋಗೆ. ರಬ್ಬರ್ ಪಟ್ಟಿ, ಹಲಗೆ ಇವೆಲ್ಲ ಅಗ್ಗ. ಹಲಗೆ ಇಲ್ಲದಿದ್ದರೆ ಮಡಚಿದ ದಿಂಬಿನ ಮೇಲೆ ನಿಂತರೂ ನಡೆಯುತ್ತದೆ.

ಬ್ರೇಸ್ ಹಾಕಿದರೆ ಸ್ನಾಯು ಸೋಮಾರಿಯಾಗುತ್ತದೆ ಅಂತ ಎಷ್ಟೋ ಜನ ಹೆದರಿಸಿದರು. ಸರ್ಜನ್ ಮತ್ತು ಫಿಸಿಯೋ ಇಬ್ಬರೂ ಇದನ್ನು ಒಪ್ಪಲಿಲ್ಲ. ಆಟಕ್ಕೆ, ಏರುಪೇರು ನೆಲಕ್ಕೆ ಹಾಕಿಕೊಂಡರೆ ಮತ್ತೆ ಉಳುಕುವುದು ನಿಜಕ್ಕೂ ಕಡಿಮೆಯಾಗುತ್ತದೆ. ಮನೆಯೊಳಗೆ ಬೇಡ. ಟೇಪ್ ಸುತ್ತಿಕೊಳ್ಳುವವರಿಗೆ ಒಂದು ಮಾತು: ಆಡುತ್ತಾ ಆಡುತ್ತಾ ಅದು ಸಡಿಲವಾಗುತ್ತದೆ.

ಮೂರು ತಿಂಗಳ ಹೊತ್ತಿಗೆ ಕೈಕೊಡುವುದು ನಿಂತಿತ್ತು. ನೋವು ಅದಕ್ಕಿಂತ ತಡವಾಗಿ, ಯಾವಾಗ ಅಂತ ಗೊತ್ತಾಗದ ಹಾಗೆ ಕಡಿಮೆಯಾಯಿತು. ನೆಗೆಯುವ ಪರೀಕ್ಷೆಗೆ ಹೋಗುವ ಮುಂಚೆ ಮಾತ್ರ ಬಹಳ ದಿನ ಸತಾಯಿಸಿದೆ. ಕಾಲು ತಯಾರಿತ್ತು, ತಲೆ ತಯಾರಿರಲಿಲ್ಲ. ಒಂಟಿ ಕಾಲಲ್ಲಿ ನೆಗೆಯುವ ಮುನ್ನ ಆ 'ಟಪ್' ಸದ್ದು ಕಿವಿಯಲ್ಲೇ ಕೇಳಿದಂತಾಗುತ್ತಿತ್ತು. ಮೇಡಂ ಬೈಯಲಿಲ್ಲ, ಮೊದಲು ಎರಡು ಕಾಲಲ್ಲಿ, ಆಮೇಲೆ ಎರಡರಲ್ಲಿ ನೆಗೆದು ಒಂದರಲ್ಲಿ ಇಳಿಯುವುದು, ಹೀಗೆ ಇಳಿಸಿಕೊಂಡು ಬಂದರು. ಕೊನೆಗೆ ಬಲಗಾಲ ನೆಗೆತ ಎಡಗಾಲಿನ ಶೇಕಡಾ 90 ದಾಟಿದಾಗ ಓಡಲು ಒಪ್ಪಿಗೆ ಸಿಕ್ಕಿತು. ಸರ್ಜನ್ ಮತ್ತೊಮ್ಮೆ ಎಳೆದು ನೋಡಿ, ಸಡಿಲ ಹಾಗೇ ಇದೆ, ಆದರೆ ನಿಮಗೆ ಆಪರೇಷನ್ ಬೇಕಿಲ್ಲ ಅಂದರು.

ಈಗಲೂ ಚಳಿ ಬೆಳಿಗ್ಗೆ ಸ್ವಲ್ಪ ಬಿಗಿ ಇರುತ್ತದೆ. ವಾರದಲ್ಲಿ ಕೆಲವು ದಿನ ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುತ್ತೇನೆ. ಇದು ಎಲ್ಲರಿಗೂ ಹೀಗೇ ಮುಗಿಯುತ್ತದೆ ಅಂತಲ್ಲ. ಕೀಲು ನಡುವೆ ಸಿಕ್ಕಿಕೊಂಡು ನಿಂತುಬಿಡುತ್ತಿದ್ದರೆ, ನೋವು ಆಳದಲ್ಲಿದ್ದರೆ, ಗಂಟಿನ ಹಿಂದೆ ಟೆಂಡನ್ ಜಾರಿದಂತೆ ಕ್ಲಿಕ್ ಅನ್ನುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋವು ಎಬ್ಬಿಸುತ್ತಿದ್ದರೆ ವ್ಯಾಯಾಮ ಮಾಡುತ್ತಾ ಕಾಯಬೇಡಿ, ಬೇಗ ತೋರಿಸಿ. ಅಂಥವುಗಳಲ್ಲಿ ಕೆಲವಕ್ಕೆ ಆಪರೇಷನ್ನೇ ದಾರಿ.

ಫಿಸಿಯೋ ಮುಗಿಸುವ ದಿನ ಎರಡೂ ಕಾಲಿನ ಕೊನೆಯ ಅಳತೆಗಳನ್ನು ಬರೆದುಕೊಡಿ ಅಂತ ಕೇಳಿ: ಗೋಡೆ ಪರೀಕ್ಷೆಯ ಸೆಂಟಿಮೀಟರ್, ತುದಿಗಾಲ ಎಣಿಕೆ, ನೆಗೆತದ ದೂರ, 30ಕ್ಕೆ ಬಂದ ಅಂಕ. ಎಂಆರ್‌ಐ ಸಿಡಿ ಜೊತೆಗೇ ಇಟ್ಟುಕೊಳ್ಳಿ. ಮುಂದೆಂದಾದರೂ ಮತ್ತೆ ಉಳುಕಿದರೆ, ಯಾವ ವೈದ್ಯರ ಮುಂದೆ ಕೂತರೂ ಹೋಲಿಸಲು ಅವರಿಗೆ ಬೇಕಾಗುವುದು ಆ ಹಾಳೆಯೇ.